ಕಲ್ಲಿನ ರಥಕ್ಕೆ ಗೋಪುರವಿದ್ದ ಕಾಲ

ಐವತ್ತು ರೂಪಾಯಿ ನೋಟಿನ ಹಿಂಬದಿಯನ್ನು ತಿರುಗಿಸಿ ನೋಡುವವರು ಕಡಿಮೆ. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿಗೂ, ಹೆಬ್ಬಾಳದ ಬಸ್ಸಿನಲ್ಲಿ ಟಿಕೆಟ್ಟಿಗೂ ದಿನಕ್ಕೆ ಎಷ್ಟೋ ಸಲ ಕೈ ಬದಲಾಯಿಸುವ ಆ ನೀಲಿ ನೋಟಿನ ಮೇಲೆ 2017ರಿಂದ ಹಂಪಿಯ ಕಲ್ಲಿನ ರಥ ಇದೆ. ಶಾಲೆಯ ಪಠ್ಯಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ಪ್ರವಾಸೋದ್ಯಮ ಇಲಾಖೆಯ ಭಿತ್ತಿಪತ್ರದಲ್ಲಿ ನೋಡಿ ನೋಡಿ ನಮ್ಮ ಕಣ್ಣಿಗೆ ಆ ಆಕಾರ ಒಗ್ಗಿಹೋಗಿದೆ: ನಾಲ್ಕು ಕೆತ್ತನೆಯ ಚಕ್ರ, ಮುಂದೆ ಎರಡು ಆನೆ, ಮೇಲೆ ಸಪಾಟಾದ ಕಲ್ಲಿನ ಸೂರು. ರಥ ಎಂದರೆ ಹೀಗೇ ಇರಬೇಕು ಎಂದು ಒಪ್ಪಿಕೊಂಡೂಬಿಟ್ಟಿದ್ದೇವೆ.

ಆದರೆ ನಮ್ಮೂರಿನ ತೇರನ್ನು ಒಮ್ಮೆ ನೆನಪಿಸಿಕೊಂಡರೆ ಇದರಲ್ಲಿ ಏನೋ ಕಡಿಮೆಯಾಗಿದೆ ಎನಿಸುವುದು ಸಹಜ. ತೇರಿಗೆ ಎತ್ತರ ಬೇಡವೇ? ಸೂರಿನ ಮೇಲೆ ಶಿಖರ ಬೇಡವೇ? ಕಲ್ಲಿನ ರಥಕ್ಕೂ ಒಂದು ಕಾಲದಲ್ಲಿ ಶಿಖರವಿತ್ತು. ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ್ದ ಆ ಪುಟ್ಟ ಗೋಪುರ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಉಳಿದಿರಲಿಲ್ಲ. ಅದನ್ನು ಇಂದು ಕಣ್ಣಾರೆ ಕಾಣಬೇಕೆಂದರೆ ಹಂಪಿಗೆ ಹೋಗಿ ಪ್ರಯೋಜನವಿಲ್ಲ. 1856ರಲ್ಲಿ ತೆಗೆದ ಒಂದು ಛಾಯಾಚಿತ್ರವನ್ನು ನೋಡಬೇಕು.

ಆ ಚಿತ್ರ ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೇನೆಯ ಅಧಿಕಾರಿ. ಹಂಪಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅವನಿಗಿಂತ ಮೊದಲು, 1799ರಲ್ಲಿ, ಕಾಲಿನ್ ಮೆಕೆಂಝಿ ಆ ಪ್ರದೇಶದ ನಕ್ಷೆ ಮಾಡಿಸಿ ಹೋಗಿದ್ದ. ಗ್ರೀನ್‌ಲಾ ತಂದದ್ದು ನಕ್ಷೆಯ ಹಲಗೆಯನ್ನಲ್ಲ, ಒಂದು ದೈತ್ಯ ಕ್ಯಾಮೆರಾವನ್ನು. ವಿಠ್ಠಲ ದೇವಾಲಯದ ಮಂಟಪಗಳು, ಬಂಡೆಗಳ ನಡುವೆ ಹರಡಿದ್ದ ಗುಡಿಗಳು, ಅರಮನೆಯ ಆವರಣದ ಕಟ್ಟಡಗಳು ಹೀಗೆ ಅರವತ್ತಕ್ಕೂ ಹೆಚ್ಚು ದೊಡ್ಡ ನೆಗೆಟಿವ್‌ಗಳನ್ನು ಅವನು ಮಾಡಿಕೊಂಡು ಹೋದ. ಒಂದೊಂದೂ ಹೆಚ್ಚುಕಡಿಮೆ 16 ಅಂಗುಲ ಅಗಲ, 18 ಅಂಗುಲ ಉದ್ದ. ಅವು ಗಾಜಿನವಲ್ಲ, ಫಿಲ್ಮ್ ಅಂತೂ ಅಲ್ಲವೇ ಅಲ್ಲ. ಕಾಗದದವು.

ಇಂದು ಮೊಬೈಲ್ ಎತ್ತಿ ಒತ್ತಿಬಿಡುವವರಿಗೆ ಆ ಕಾಲದ ಕೆಲಸದ ಅಂದಾಜು ಸಿಗುವುದು ಕಷ್ಟ. ಕಾಗದದ ಮೇಲೆ ನೆಗೆಟಿವ್ ಮೂಡಿಸುವ ವಿಧಾನವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪ್ರಕಟಿಸಿದ್ದ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1851ರ ಹೊತ್ತಿಗೆ ಅದನ್ನು ಸುಧಾರಿಸಿದ. ತೆಳುವಾದ ಕಾಗದಕ್ಕೆ ಮೊದಲು ಬಿಸಿ ಮೇಣವನ್ನು ಹೀರಿಸಬೇಕು. ಮೇಣದಿಂದ ಕಾಗದ ಅರೆಪಾರದರ್ಶಕವಾಗುತ್ತದೆ, ಚಿತ್ರ ಸ್ಪಷ್ಟವಾಗಿ ಬರುತ್ತದೆ. ಬಳಿಕ ಅದನ್ನು ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಚಿತ್ರ ತೆಗೆಯುವ ಮುನ್ನ ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದರೆ ಕಾಗದ ಬೆಳಕಿಗೆ ಸ್ಪಂದಿಸುವಂತಾಗುತ್ತದೆ. ಕ್ಯಾಮೆರಾದೊಳಗೆ ಇಟ್ಟು ಮುಚ್ಚಳ ತೆಗೆದ ಮೇಲೆ ನಿಮಿಷಗಟ್ಟಲೆ ಕಾಯಬೇಕು. ಆಮೇಲೆ ಮತ್ತೆ ಕತ್ತಲು, ಗ್ಯಾಲಿಕ್ ಆಮ್ಲ, ತೊಳೆಯಲು ಧಾರಾಳ ನೀರು. ಗಾಜಿನ ಫಲಕವಾದರೆ ಲೇಪ ಹಸಿಯಾಗಿರುವಾಗಲೇ ಎಲ್ಲವನ್ನೂ ಮುಗಿಸಬೇಕಿತ್ತು. ಮೇಣದ ಕಾಗದವನ್ನು ಮುಂಚೆಯೇ ತಯಾರಿಸಿ ಒಯ್ಯಬಹುದಿತ್ತು. ಬಳ್ಳಾರಿ ಸೀಮೆಯ ಬಿಸಿಲಿಗೆ ಅದು ಹೇಳಿಮಾಡಿಸಿದ ವಿಧಾನ.

ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲ ಆಗ ಇರಲಿಲ್ಲವೆನ್ನಬೇಕು. ನೆಗೆಟಿವನ್ನು ಬೇರೊಂದು ಕಾಗದದ ಮೇಲೆ ಒತ್ತಿ ಬಿಸಿಲಿಗಿಟ್ಟು ಪ್ರತಿ ತೆಗೆಯುತ್ತಿದ್ದರು. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ನೆಗೆಟಿವ್, ಅದು ಹಿಡಿಸುವಷ್ಟು ದೊಡ್ಡ ಕ್ಯಾಮೆರಾ. ಅಂಥ ಪೆಟ್ಟಿಗೆ, ಮುಕ್ಕಾಲಿ, ರಸಾಯನದ ಬಾಟಲಿ, ಕತ್ತಲೆಗೆ ಡೇರೆ ಇವೆಲ್ಲ ಎತ್ತಿನ ಗಾಡಿಯ ಮೇಲೆ, ಗಾಡಿ ಹೋಗದ ಕಡೆ ಆಳುಗಳ ತಲೆಯ ಮೇಲೆ ಸಾಗಬೇಕಿತ್ತು. ಆ ಕಾಲದ ಛಾಯಾಗ್ರಾಹಕರ ಹೆಸರುಗಳು ಇಂದು ಪುಸ್ತಕಗಳಲ್ಲಿವೆ. ಬಂಡೆಯಿಂದ ಬಂಡೆಗೆ ಕ್ಯಾಮೆರಾ ಹೊತ್ತವರ ಹೆಸರು ಹುಡುಕಿದರೂ ಸಿಗುವುದಿಲ್ಲ.

ಈ ನಿಮಿಷಗಟ್ಟಲೆಯ ಕಾಯುವಿಕೆಗೆ ಇನ್ನೊಂದು ಪರಿಣಾಮವಿತ್ತು. ನಿಶ್ಚಲವಾದದ್ದು ಮಾತ್ರ ಆ ಕಾಗದದ ಮೇಲೆ ನಿಲ್ಲುತ್ತಿತ್ತು. ನಡೆದುಹೋದ ಮನುಷ್ಯ, ಮೇಯುತ್ತ ಸರಿದ ದನ, ಅಲುಗಿದ ಎಲೆ ಅಳಿಸಿಹೋಗುತ್ತಿದ್ದವು, ಇಲ್ಲವೇ ಮಸುಕಾಗುತ್ತಿದ್ದವು. ಹೀಗಾಗಿ ಆರಂಭದ ಛಾಯಾಚಿತ್ರಗಳಲ್ಲಿ ಸ್ಮಾರಕಗಳೆಲ್ಲ ನಿರ್ಜನವಾಗಿಯೇ ಕಾಣುತ್ತವೆ. ಹಂಪಿ ಪಾಳುಬಿದ್ದ, ಎಲ್ಲರೂ ಮರೆತ ನಗರವೆಂಬ ಕಲ್ಪನೆ ಬಲವಾಗಲು ಇಂಥ ಚಿತ್ರಗಳ ಮೌನವೂ ಸ್ವಲ್ಪ ಕಾರಣವಾಗಿರಬೇಕು. ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಚರಿತ್ರೆ ಬರೆದಾಗ ಅದನ್ನು ಮರೆತುಹೋದ ಸಾಮ್ರಾಜ್ಯವೆಂದೇ ಕರೆದ. ಮರೆತವರು ಯಾರು? 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ನಿಜ. ಆದರೆ ವಿರೂಪಾಕ್ಷನ ಪೂಜೆ ಮುಂದುವರಿದೇ ಇತ್ತು, ಸುತ್ತಲಿನ ಊರುಗಳ ಜನ ಜಾತ್ರೆಗೆ ಬರುತ್ತಲೇ ಇದ್ದರು. ಕ್ಯಾಮೆರಾದ ಕಣ್ಣಿಗೆ ಅವರು ಬೀಳಲಿಲ್ಲ, ಅಷ್ಟೆ.

ಗ್ರೀನ್‌ಲಾ ಒಂಟಿಯಾಗಿರಲಿಲ್ಲ. ಕರ್ನಾಟಕದ ಸ್ಮಾರಕಗಳ ಮೇಲೆ ಕ್ಯಾಮೆರಾ ತಿರುಗಿದ್ದೇ ಆ ಎರಡು ಮೂರು ವರ್ಷಗಳಲ್ಲಿ. ಲಿನಿಯಸ್ ಟ್ರೈಪ್ ಎಂಬ ಇನ್ನೊಬ್ಬ ಮದ್ರಾಸ್ ಸೇನಾಧಿಕಾರಿ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದ ಮೇಲೆ ಅವನು ಕೆಲಸದ ಕೇಂದ್ರ ಮಾಡಿಕೊಂಡದ್ದು ಬೆಂಗಳೂರನ್ನು. ಮುಂಬಯಿ ಕಡೆಯಿಂದ ಕ್ಯಾಪ್ಟನ್ ಥಾಮಸ್ ಬಿಗ್ಸ್ 1855ರಲ್ಲಿ ವಿಜಾಪುರ, ಬಾದಾಮಿ, ಐಹೊಳೆಗಳಿಗೆ ಬಂದ. ಸೇನೆ ಅವನನ್ನು ವಾಪಸು ಕರೆಸಿಕೊಂಡಾಗ ಆ ಜಾಗಕ್ಕೆ ವೈದ್ಯ ವಿಲಿಯಂ ಹೆನ್ರಿ ಪಿಗೂ ನೇಮಕವಾದ. ಇದರ ಹಿಂದೆ ಕಲಾಪ್ರೇಮಕ್ಕಿಂತ ಲೆಕ್ಕಾಚಾರ ಹೆಚ್ಚು. ಶಿಲ್ಪದ ಚಿತ್ರ ಬರೆಯುವ ಕಲಾವಿದನಿಗೆ ತಿಂಗಳುಗಟ್ಟಲೆ ಸಂಬಳ ಕೊಡುವುದಕ್ಕಿಂತ ಕ್ಯಾಮೆರಾ ಅಗ್ಗ, ಹೆಚ್ಚು ನಂಬಿಕೆಗೆ ಅರ್ಹ ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಅನಿಸಿತ್ತು. ನಂಬಿಕೆಯ ಮಾತು ಪೂರ್ತಿ ಸರಿಯಲ್ಲ. ಆ ಕಾಲದ ರಸಾಯನಕ್ಕೆ ನೀಲಿ ಆಕಾಶ ಬರೀ ಬಿಳಿಯಾಗಿ ಕಾಣುತ್ತಿತ್ತು. ಟ್ರೈಪ್ ತನ್ನ ನೆಗೆಟಿವ್‌ಗಳ ಮೇಲೆ ಕೈಯಿಂದ ಮೋಡಗಳನ್ನು ಬರೆದು ಸೇರಿಸುತ್ತಿದ್ದ!

ಬಿಗ್ಸ್, ಪಿಗೂ ಮತ್ತು ಆಂಡ್ರ್ಯೂ ನೀಲ್ ತೆಗೆದ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಗ್ರಂಥ ಹೊರಬಂತು. ಅದಕ್ಕೆ ಬರೆದವರು ಸುರಪುರದೊಂದಿಗೆ ನಂಟಿದ್ದ ಮೆಡೋಸ್ ಟೇಲರ್ ಮತ್ತು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್. ಈ ಫರ್ಗುಸನ್ ಸಾವಿರಾರು ಛಾಯಾಚಿತ್ರಗಳನ್ನು ಕೂಡಿಹಾಕಿಕೊಂಡು, ಒಂದರ ಪಕ್ಕ ಒಂದಿಟ್ಟು ಹೋಲಿಸಿ ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಕಟ್ಟಿದವನು. 1876ರ ತನ್ನ ಪುಸ್ತಕದಲ್ಲಿ ಅವನು ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನಿನ ಎದುರಿಗೆ ನಿಲ್ಲಿಸಿದ. ಶುದ್ಧ ಬುದ್ಧಿಯ ಶಿಸ್ತಿಗೆ ಪಾರ್ಥೆನಾನ್ ಒಂದು ತುದಿಯಾದರೆ, ಉಕ್ಕಿಹರಿಯುವ ಕಲ್ಪನೆಗೆ ಹಳೇಬೀಡು ಇನ್ನೊಂದು ತುದಿ. ಜಗತ್ತಿನ ಉಳಿದ ಕಟ್ಟಡಗಳೆಲ್ಲ ಇವೆರಡರ ನಡುವೆ ಬರುತ್ತವೆ ಎಂಬುದು ಅವನ ವಾದದ ಸಾರ. ಆ ಹೋಲಿಕೆ ಇಂದಿಗೂ ಚರ್ಚೆಗೆ ಯೋಗ್ಯ. ಆದರೆ ಹಂಪಿಯ ರಥದ ಗೋಪುರದ ಕಥೆ ತಿಳಿಯಬೇಕಾದರೆ ಪಾರ್ಥೆನಾನನ್ನು ಬೇರೆ ಕಾರಣಕ್ಕೆ ನೋಡಬೇಕು. ಗ್ರೀಸಿನ ಆ ಬೆಟ್ಟದ ಮೇಲೂ ಇದೇ ನಡೆದಿತ್ತು, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಅಥೆನ್ಸ್ ನಗರದ ನಡುವೆ ಎದ್ದು ನಿಂತ ಸುಣ್ಣಕಲ್ಲಿನ ಬೆಟ್ಟದ ಹೆಸರು ಅಕ್ರೊಪೊಲಿಸ್. ಎತ್ತರದ ಊರು ಎಂದು ಅದರ ಅರ್ಥ. ಅಥೀನಾ ದೇವಿಗೆ ಮೀಸಲಾದ ಪಾರ್ಥೆನಾನ್ ದೇವಾಲಯ ಅಲ್ಲಿ ಎದ್ದದ್ದು ಕ್ರಿ.ಪೂ. 447ರಿಂದ 432ರ ನಡುವೆ, ಇಕ್ಟಿನೊಸ್ ಮತ್ತು ಕ್ಯಾಲಿಕ್ರಟೀಸ್ ಎಂಬ ಶಿಲ್ಪಿಗಳ ಕೈಯಲ್ಲಿ. ಮುಂದೆ ಅದು ಕ್ರೈಸ್ತ ಚರ್ಚ್ ಆಯಿತು, ತುರ್ಕರ ಆಳ್ವಿಕೆಯಲ್ಲಿ ಮಸೀದಿಯಾಯಿತು, ಯುದ್ಧ ಬಂದಾಗ ಮದ್ದಿನ ಮನೆಯಾಯಿತು. 1687ರ ಸೆಪ್ಟೆಂಬರ್ 26ರಂದು ವೆನಿಸ್ ಪಡೆಯ ಗುಂಡು ಬಿದ್ದು ಒಳಗಿದ್ದ ಮದ್ದು ಸಿಡಿಯಿತು. ಎರಡು ಸಾವಿರ ವರ್ಷ ನಿಂತಿದ್ದ ಕಟ್ಟಡದ ನಡುಭಾಗ ಒಂದೇ ಕ್ಷಣದಲ್ಲಿ ಹಾರಿಹೋಯಿತು. ಆ ಪಾಳಿನ ನಡುವೆಯೇ ತುರ್ಕರು ಒಂದು ಸಣ್ಣ ಮಸೀದಿ ಕಟ್ಟಿಕೊಂಡರು. ಸುತ್ತ ಮನೆಗಳಿದ್ದವು, ಕಾವಲುಪಡೆ ಇತ್ತು. 1801ರಿಂದ ಎಲ್ಗಿನ್ ಪ್ರಭುವಿನ ಆಳುಗಳು ಶಿಲ್ಪಗಳನ್ನು ಬಿಡಿಸಿ ಲಂಡನ್ನಿಗೆ ಸಾಗಿಸಿದ ಕಥೆ ಎಲ್ಲರಿಗೂ ಗೊತ್ತು.

ಛಾಯಾಗ್ರಹಣದ ಮೊದಲ ಯಶಸ್ವಿ ವಿಧಾನ, ಡಾಗೆರ್‌ನ ಬೆಳ್ಳಿ ಲೇಪದ ತಗಡು, ಪ್ಯಾರಿಸಿನಲ್ಲಿ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು. ಎರಡೇ ತಿಂಗಳೊಳಗೆ, ಅಕ್ಟೋಬರಿನಲ್ಲಿ, ಜೋಲಿ ದ ಲೊತ್ಬಿನಿಯೇರ್ ಎಂಬ ಪ್ರವಾಸಿ ಆ ಸಲಕರಣೆಯೊಂದಿಗೆ ಅಕ್ರೊಪೊಲಿಸ್ ಹತ್ತಿದ್ದ. ಕೆನಡಾದಲ್ಲಿ ಜಮೀನುದಾರನಾಗಿದ್ದ ಅವನನ್ನು ಹೊಸ ಯಂತ್ರದೊಂದಿಗೆ ಕಳಿಸಿದವನು ಪ್ಯಾರಿಸಿನ ಒಬ್ಬ ಕನ್ನಡಕ ಮತ್ತು ಮಸೂರಗಳ ತಯಾರಕ. ಪಾರ್ಥೆನಾನಿನ ಮೊತ್ತಮೊದಲ ಛಾಯಾಚಿತ್ರ ಅಂದು ಮೂಡಿತು. ಆ ತಗಡು ಉಳಿದಿಲ್ಲ. ಅದನ್ನು ನೋಡಿ ಕೆತ್ತಿದ ಅಚ್ಚಿನ ಚಿತ್ರ ಮಾತ್ರ ನಮ್ಮ ಪಾಲಿಗಿದೆ. ಚಿತ್ರ ಬರೀ ಬೋಳಾಗಿ ಕಂಡೀತೆಂದು ಅಚ್ಚು ಕೊರೆದವರು ಅಲ್ಲಿಲ್ಲಿ ಮನುಷ್ಯರನ್ನೂ ಬರೆದು ಸೇರಿಸಿದರು. ಆದರೂ ಆ ಅಚ್ಚಿನಲ್ಲಿ ಒಂದು ಸಂಗತಿ ಖಚಿತವಾಗಿ ಕಾಣುತ್ತದೆ: ಕಂಬಗಳ ನಡುವೆ ಆ ಸಣ್ಣ ಮಸೀದಿ ಇನ್ನೂ ನಿಂತಿದೆ.

ಅದು ಹೆಚ್ಚು ದಿನ ನಿಲ್ಲಲಿಲ್ಲ. ಗ್ರೀಸ್ ಆಗಷ್ಟೇ ಸ್ವತಂತ್ರವಾಗಿತ್ತು. 1834ರಲ್ಲಿ ಅಥೆನ್ಸ್ ರಾಜಧಾನಿಯಾಗಿತ್ತು. ಬವೇರಿಯಾದಿಂದ ಬಂದ ಹೊಸ ದೊರೆ ಓಟೊ ಮತ್ತು ಅವನ ವಾಸ್ತುಶಿಲ್ಪಿ ಲಿಯೊ ಫಾನ್ ಕ್ಲೆಂಟ್ಸೆ, ಬೆಟ್ಟದ ಮೇಲಿನ ಅನಾಗರಿಕ ಕಾಲದ ಕುರುಹುಗಳನ್ನೆಲ್ಲ ಅಳಿಸಿ ಪ್ರಾಚೀನ ವೈಭವವನ್ನು ಮರಳಿ ತರುವುದಾಗಿ ಸಾರಿದ್ದರು. ತುರ್ಕರ ಮನೆಗಳು ಹೋದವು, ಮಸೀದಿ 1840ರ ದಶಕದ ಆರಂಭದಲ್ಲಿ ಹೋಯಿತು, ಮಧ್ಯಯುಗದ ಗೋಡೆಗಳು ಒಂದೊಂದಾಗಿ ಹೋದವು. ಬೆಟ್ಟದ ಪ್ರವೇಶದ್ವಾರದ ಪಕ್ಕದಲ್ಲಿ ಸುಮಾರು 26 ಮೀಟರ್ ಎತ್ತರದ ಒಂದು ಚೌಕಾಕಾರದ ಬುರುಜಿತ್ತು. ಮಧ್ಯಯುಗದಲ್ಲಿ ಅಥೆನ್ಸನ್ನು ಆಳಿದ ಪಶ್ಚಿಮ ಯುರೋಪಿನ ಪ್ರಭುಗಳು ಕಟ್ಟಿಸಿದ್ದು. ಟ್ರಾಯ್ ನಗರವನ್ನು ಅಗೆದು ಪ್ರಸಿದ್ಧನಾದ ಹೈನ್ರಿಚ್ ಶ್ಲೀಮನ್ 1875ರಲ್ಲಿ ತನ್ನ ಕೈಯಿಂದ ಹಣ ಕೊಟ್ಟು ಅದನ್ನು ಕೆಡವಿಸಿದ. ಇಂಗ್ಲೆಂಡಿನ ಇತಿಹಾಸಕಾರ ಎಡ್ವರ್ಡ್ ಫ್ರೀಮನ್ ಆಗಲೇ ಇದನ್ನು ಕಟುವಾಗಿ ಆಕ್ಷೇಪಿಸಿದ್ದ. ಅಥೆನ್ಸಿನ ಚರಿತ್ರೆಯಲ್ಲಿ ಪೆರಿಕ್ಲಿಸನ ಕಾಲ ಮಾತ್ರ ಇರುವುದೇ, ನಡುವಿನ ಸಾವಿರಾರು ವರ್ಷಗಳು ಲೆಕ್ಕಕ್ಕಿಲ್ಲವೇ ಎಂಬುದು ಅಂಥವರ ಪ್ರಶ್ನೆ.

ಇವತ್ತು ಅಕ್ರೊಪೊಲಿಸಿಗೆ ಹೋಗುವ ಪ್ರವಾಸಿ ತೆಗೆದುಕೊಳ್ಳುವ ಚಿತ್ರದಲ್ಲಿ ಆ ಬುರುಜಿಲ್ಲ, ಮಸೀದಿಯಿಲ್ಲ, ಮನೆಗಳಿಲ್ಲ. ಶುಭ್ರ ಕಂಬಗಳು, ನೀಲಿ ಆಕಾಶ. ಎರಡೂವರೆ ಸಾವಿರ ವರ್ಷಗಳಿಂದ ಹೀಗೇ ಇತ್ತು ಎನಿಸುವಂಥ ನೋಟ. ನಿಜವಾಗಿ ಅದು ಹತ್ತೊಂಬತ್ತನೆಯ ಶತಮಾನ ರೂಪಿಸಿದ ನೋಟ. ಹೀಗೆ ಹೇಳಲು ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷ್ಯವೆಂದರೆ ಬುರುಜು ಬೀಳುವ ಮುಂಚಿನ ಮೂರೂವರೆ ದಶಕಗಳಲ್ಲಿ ತೆಗೆದ ಛಾಯಾಚಿತ್ರಗಳು.

ಅವುಗಳಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಸ್ಟಿಲ್ಮನ್ 1869ರಲ್ಲಿ ತೆಗೆದು ಮರುವರ್ಷ ಲಂಡನ್ನಿನಲ್ಲಿ ಪ್ರಕಟಿಸಿದ ಸಂಪುಟ ಬಹಳ ಹೆಸರಾದದ್ದು. ಅವನ ಒಂದು ಚಿತ್ರ ಪಾರ್ಥೆನಾನಿನ ಮೆಟ್ಟಿಲುಗಳ ಅಂಚನ್ನು ನೆಲಮಟ್ಟದಿಂದ ಉದ್ದಕ್ಕೆ ನೋಡಿದ್ದು. ನೇರವೆಂದು ನಾವು ತಿಳಿಯುವ ಆ ಅಂಚು ಮಧ್ಯದಲ್ಲಿ ಸಣ್ಣಗೆ ಉಬ್ಬಿರುವುದು ಅದರಲ್ಲಿ ಕಾಣುತ್ತದೆ. ದೂರದಿಂದ ನೆಲ ತಗ್ಗಿದಂತೆ ಕಾಣಬಾರದೆಂದು ಪ್ರಾಚೀನ ಶಿಲ್ಪಿಗಳು ಬೇಕೆಂದೇ ಕೊಟ್ಟ ಬಾಗು ಅದು ಎಂಬ ವಿವರಣೆ ಪ್ರಚಲಿತವಾಗಿದೆ. ಬರಿಗಣ್ಣಿಗೆ ತಪ್ಪಿಹೋಗುವುದನ್ನು ಎಲ್ಲಿ ನಿಂತು ನೋಡಬೇಕೆಂದು ತಿಳಿದ ಛಾಯಾಗ್ರಾಹಕ ಹಿಡಿದುಕೊಟ್ಟ.

ಮುಂದೆ ನಿಕೊಲಾಸ್ ಬಲಾನೊಸ್ ಎಂಬ ಎಂಜಿನಿಯರ್ 1898ರಿಂದ ದಶಕಗಳ ಕಾಲ ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಪ್ರಾಚೀನರು ಕಲ್ಲುಗಳನ್ನು ಬೆಸೆದ ಕಬ್ಬಿಣದ ಕೊಂಡಿಗಳಿಗೆ ಸೀಸ ಹೊಯ್ದು ತುಕ್ಕು ತಡೆದಿದ್ದರು. ಬಲಾನೊಸ್ ಬರೀ ಕಬ್ಬಿಣ ಬಳಸಿದ. ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಅವನು ಸೇರಿಸಿದ್ದನ್ನು ಬಿಚ್ಚಿ, ಟೈಟೇನಿಯಂ ಕೊಂಡಿ ಹಾಕಿ, ಒಂದೊಂದು ಕಲ್ಲನ್ನೂ ಅದರದೇ ಜಾಗಕ್ಕೆ ಮರಳಿಸುವ ಕೆಲಸಕ್ಕೆ 1975ರಲ್ಲಿ ಗ್ರೀಕ್ ಸರ್ಕಾರ ಒಂದು ಸಮಿತಿ ನೇಮಿಸಿತು. ಯಾವ ಕಲ್ಲು ಎಲ್ಲಿತ್ತು ಎಂಬ ಪತ್ತೆಗೆ ಹಳೆಯ ಛಾಯಾಚಿತ್ರಗಳೂ ನೆರವಿಗೆ ಬಂದವು.

ಈಗ ಹಂಪಿಗೆ ಮರಳಿದರೆ ರಥದ ಮೇಲಿನ ಗೋಪುರದ ಪ್ರಶ್ನೆ ಬೇರೆಯೇ ಆಗಿ ಕಾಣುತ್ತದೆ. ವಿಜಯನಗರದ ಕಾಲದ ಕಟ್ಟುವ ಪದ್ಧತಿಯೇ ಹಾಗೆ: ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆ. ವಿರೂಪಾಕ್ಷನ ರಾಯಗೋಪುರದಿಂದ ಹಿಡಿದು ಊರೂರಿನ ಗುಡಿಗಳವರೆಗೆ ಇದನ್ನೇ ಕಾಣುತ್ತೇವೆ. ಕಲ್ಲು ಉಳಿಯುತ್ತದೆ, ಇಟ್ಟಿಗೆ ಉದುರುತ್ತದೆ. ಹಾಗೆ ಉದುರಿ, ತೆಗೆಸಿ ಉಳಿದ ಬೋಳು ಕಲ್ಲನ್ನೇ ನಾವು ಆ ಕಾಲದ ರುಚಿ ಎಂದುಕೊಳ್ಳುತ್ತೇವೆ. ಕಲ್ಲಿನ ರಥ ಎಂಬ ಹೆಸರು ಕೂಡ ನಮ್ಮ ಕಣ್ಣನ್ನು ದಾರಿ ತಪ್ಪಿಸುತ್ತದೆ. ಅದು ಎಳೆಯುವ ರಥವಲ್ಲ, ವಿಠ್ಠಲನ ಎದುರಿಗಿರುವ ಗರುಡನ ಗುಡಿ. ಗುಡಿಗೆ ಶಿಖರ ಇರಲೇಬೇಕಲ್ಲ! ಮುಂದಿರುವ ಆನೆಗಳೂ ಮೊದಲಿನಿಂದ ಅಲ್ಲಿದ್ದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲುಗಳು ಇಂದಿಗೂ ಕಾಣುತ್ತವೆ. ನೋಟಿನ ಮೇಲಿರುವುದು ಹೀಗೆ ಹಲವು ಕಾಲಗಳು ಸೇರಿ ಕಳೆದು ಉಳಿದ ಆಕಾರ.

ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಕಣ್ಮರೆಯಾಗಿದ್ದು 1980ರಲ್ಲಿ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಸಿಕ್ಕವು. ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಹಂಪಿಯ ಕಟ್ಟಡಗಳನ್ನು ಒಂದೊಂದಾಗಿ ಅಳೆದು ದಾಖಲಿಸುವ ಕೆಲಸ ಶುರುಮಾಡಿದ್ದೂ ಆ ಹೊತ್ತಿಗೇ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಬಂದು, ಗ್ರೀನ್‌ಲಾ ಮುಕ್ಕಾಲಿ ಊರಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ 127 ವರ್ಷಗಳಲ್ಲಿ ಎಲ್ಲಿ ಏನು ಬಿತ್ತು, ಎಲ್ಲಿ ಏನನ್ನು ಎತ್ತಿ ನಿಲ್ಲಿಸಿದರು, ಯಾವುದನ್ನು ತೆಗೆದರು ಎಂಬುದನ್ನು ಓದಬಹುದು. ಆ ನೆಗೆಟಿವ್‌ಗಳು ಮುಂದೆ ದೆಹಲಿಯ ಆಲ್ಕಾಜಿ ಸಂಗ್ರಹಕ್ಕೆ ಸೇರಿದವು. ಅವುಗಳನ್ನು ಕುರಿತ ಪುಸ್ತಕ 2008ರಲ್ಲಿ ಬಂತು.

ತೆಗೆಯುವ ಕೆಲಸ ಗಾಲಿಂಗ್ಸ್ ಬಂದುಹೋದ ಮೇಲೂ ನಿಂತಿಲ್ಲ. ವಿರೂಪಾಕ್ಷನ ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಎಷ್ಟೋ ಕುಟುಂಬಗಳು ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದವು. ಕಲ್ಲಿನ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಬಣ್ಣ ಬಳಿದಿದ್ದರು. 2011ರ ಜುಲೈನಲ್ಲಿ ಅವೆಲ್ಲವನ್ನೂ ತೆರವು ಮಾಡಲಾಯಿತು. ನೂರಾರು ಕುಟುಂಬಗಳು ಬೀದಿಯನ್ನು ಬಿಡಬೇಕಾಯಿತು. ಹದಿನಾರನೆಯ ಶತಮಾನದ ಪೇಟೆಯನ್ನು ಅತಿಕ್ರಮಣದಿಂದ ಬಿಡಿಸಿದೆವು ಎಂಬುದು ಅಧಿಕಾರಿಗಳ ಮಾತು. ಮಂಟಪಗಳಿಗೆ ಅಪಾಯವಿತ್ತು ಎಂಬುದರಲ್ಲಿ ಹುರುಳಿದೆ. ಆದರೆ ಪೇಟೆಯ ಬೀದಿಯಲ್ಲಿ ವ್ಯಾಪಾರ ಮಾಡುವುದು ಪೇಟೆಗೆ ಅಪಚಾರವೇ ಎಂದು ಕೇಳಿದವರ ಮಾತೂ ತಳ್ಳಿಹಾಕುವಂಥದ್ದಲ್ಲ. ಅಥೆನ್ಸಿನ ಬುರುಜಿನ ವಾದವೇ ತುಂಗಭದ್ರೆಯ ದಡದಲ್ಲಿ ಮತ್ತೊಮ್ಮೆ ನಡೆದಿತ್ತು. ಎದುರು ಬಸವಣ್ಣನ ಪಕ್ಕದಿಂದ ಮಾತಂಗ ಬೆಟ್ಟ ಹತ್ತಿ, ಮೇಲಿನ ವೀರಭದ್ರನ ಗುಡಿಯ ಬಳಿ ಸೂರ್ಯೋದಯಕ್ಕೆ ಕ್ಯಾಮೆರಾ ಹಿಡಿದು ನಿಲ್ಲುವವರಿಗೆ ಕೆಳಗೆ ಈಗ ಕಾಣುವುದು ಚೊಕ್ಕಟವಾದ, ಖಾಲಿಯಾದ ಬೀದಿ. ಗ್ರೀನ್‌ಲಾನ ರಸಾಯನ ಜನರನ್ನು ಅಳಿಸಿದ್ದು ನೆನಪಾಗುತ್ತದೆ. 2011ಕ್ಕೆ ಮುಂಚಿನ ಹಂಪಿ ಬಜಾರು ಹೇಗಿತ್ತು ಎಂಬುದಕ್ಕೆ ಪ್ರವಾಸಿಗಳು ಸುಮ್ಮನೆ ಕ್ಲಿಕ್ಕಿಸಿಕೊಂಡ ಚಿತ್ರಗಳೇ ಈಗ ದಾಖಲೆ. ಆ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಕುಸಿಯಿತು ಎಂಬುದನ್ನೂ ಇಲ್ಲೇ ಹೇಳಬೇಕು.

ಇಷ್ಟೆಲ್ಲ ಹಂಪಿಯ ವಿಚಾರ, ಬೆಂಗಳೂರಿನವರಿಗೇನು ಎನ್ನುವಂತಿಲ್ಲ. ಬೆಂಗಳೂರು ಹುಟ್ಟಿದ್ದೇ ವಿಜಯನಗರದ ನೆರಳಲ್ಲಿ. 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡ ಯಲಹಂಕ ನಾಡಿನ ಪ್ರಭು, ಅಚ್ಯುತರಾಯನ ಸಾಮಂತ. ರಾಜಧಾನಿಯ ವೈಭವವನ್ನು ಕಂಡುಬಂದು ತನ್ನ ಸೀಮೆಯಲ್ಲೂ ಅಂಥದೊಂದು ಪೇಟೆ ಕಟ್ಟಬೇಕೆಂದು ಅವನು ಕನಸು ಕಂಡ ಎಂದು ಐತಿಹ್ಯ ಹೇಳುತ್ತದೆ. ಸ್ವಂತ ನಾಣ್ಯ ಅಚ್ಚುಹಾಕಿಸಿದ್ದಕ್ಕಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದ ಎಂದೂ ಹೇಳುತ್ತಾರೆ. ಯಲಹಂಕದಿಂದ ಹಂಪಿಗೆ ದಾರಿ ಅಂದೂ ಉತ್ತರಕ್ಕೇ ಇತ್ತು. ಅದೇ ದಿಕ್ಕಿಗೆ ಹೋಗುವ ರಸ್ತೆಗೆ ಇಂದಿಗೂ ಬಳ್ಳಾರಿ ರಸ್ತೆ ಎಂದೇ ಹೆಸರು.

ಆ ರಸ್ತೆಯಲ್ಲಿ ಮೇಖ್ರಿ ವೃತ್ತದ ಹತ್ತಿರ ಒಂದು ಬಂಡೆಗುಡ್ಡದ ಮೇಲೆ ಕೆಂಪೇಗೌಡ ಗೋಪುರವಿದೆ. ಊರಿನ ನಾಲ್ಕು ದಿಕ್ಕಿಗೆ ಗಡಿ ಗುರುತಾಗಿ ನಿಲ್ಲಿಸಿದರೆಂದು ಹೇಳುವ ನಾಲ್ಕರಲ್ಲಿ ಇದು ಉತ್ತರದ್ದು. ಉಳಿದವು ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ ಇವೆ. ಕಟ್ಟಿಸಿದವನು ಹಿರಿಯ ಕೆಂಪೇಗೌಡನೇ ಎಂದು ಜನ ನಂಬುತ್ತಾರೆ. ಅವನ ಮಗ ಇಮ್ಮಡಿ ಕೆಂಪೇಗೌಡನ ಕಾಲದ್ದೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ವಿಮಾನ ನಿಲ್ದಾಣಕ್ಕೆ ಓಡುವ ವಾಹನಗಳಿಂದ ಅದನ್ನು ಗಮನಿಸುವವರು ವಿರಳ. ಆದರೆ ಒಮ್ಮೆ ನಿಂತು ನೋಡಿದರೆ ಹಂಪಿಯ ರಥ ಕಳೆದುಕೊಂಡದ್ದು ಏನೆಂದು ಅಂದಾಜಾಗುತ್ತದೆ. ಕೆಳಗೆ ಕಲ್ಲಿನ ಕಂಬಗಳ ಮೇಲೆ ನಿಂತ ಪುಟ್ಟ ಮಂಟಪ, ಅದರ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರ. ಸಾಮಂತನ ಸೀಮೆಯ ಈ ಸಾಧಾರಣ ಗೋಪುರದ ಮೇಲೆ ಶಿಖರ ಉಳಿದಿದೆ, ಚಕ್ರವರ್ತಿಯ ರಾಜಧಾನಿಯ ಆ ಗುಡಿಯ ಮೇಲೆ ಉಳಿದಿಲ್ಲ.

ಉಳಿದದ್ದನ್ನು ದಾಖಲಿಸುವ ಕೆಲಸ ಈ ಭಾಗದಲ್ಲೂ ಹಳೆಯದೇ. ಮೈಸೂರಿನ ಪುರಾತತ್ವ ಇಲಾಖೆಯನ್ನು ಕಟ್ಟಿದ ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ತಟ್ಟಿ, ಮಸಿ ಸವರಿ ಪಡಿಯಚ್ಚು ತೆಗೆಯುವುದು ಆಗಿನ ಕ್ರಮ. ಅದೂ ಒಂದು ಬಗೆಯ ಛಾಯಾಚಿತ್ರವೇ, ಬೆಳಕಿನ ಬದಲು ಮಸಿಯಿಂದ ಮಾಡಿದ್ದು. ಊರು ಬೆಳೆದಂತೆ ಆ ಸಂಪುಟದಲ್ಲಿರುವ ಎಷ್ಟೋ ಕಲ್ಲುಗಳು ಅಡಿಪಾಯಗಳಲ್ಲಿ, ಮೋರಿಗಳಲ್ಲಿ, ರಸ್ತೆಗಳ ಕೆಳಗೆ ಸೇರಿಹೋಗಿವೆ. ಅವುಗಳ ಪಾಠ ಮಾತ್ರ ಪುಸ್ತಕದಲ್ಲಿ ಉಳಿದಿದೆ.

ರೈಸ್‌ನ ಕಣ್ಣಿಗೆ ಬೀಳದ ಕಲ್ಲೊಂದು 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿತು. ಗಂಗರ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ವೀರಗಲ್ಲು ಅದು. ಆ ಸೀಮೆಯ ಮೇಲೆ ನಡೆದ ದಾಳಿಯಲ್ಲಿ ಹೋರಾಡಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಬೆಂಗಳೂರಿನಲ್ಲಿ ದೊರೆತ ಅತಿ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸಲಾಗಿದೆ. ಕೆಂಪೇಗೌಡನ ಕೋಟೆಗಿಂತ ಅದು ಸುಮಾರು ಎಂಟುನೂರು ವರ್ಷ ಹಿಂದಿನದು. ನಗರದ ಸುತ್ತಲಿನ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ದಾಖಲಿಸುವ ಯೋಜನೆಯನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿತು. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕಲ್ಲಿನ ಮೇಲೆ ನಿಧಾನವಾಗಿ ಸರಿಯುತ್ತ, ಒಂದೊಂದು ಅಕ್ಷರದ ಆಳವನ್ನೂ ಮಿಲಿಮೀಟರಿನ ಸಣ್ಣ ಪಾಲಿನವರೆಗೆ ಅಳೆದುಕೊಳ್ಳುತ್ತದೆ. ಮೇಣದ ಕಾಗದ ಬೇಕಿಲ್ಲ, ಕತ್ತಲೆಯ ಡೇರೆಯೂ ಬೇಕಿಲ್ಲ. ಸವೆದು ಬರಿಗಣ್ಣಿಗೆ ಕಾಣದ ಗೆರೆಗಳು ಕಂಪ್ಯೂಟರಿನಲ್ಲಿ ನೆರಳು ಬೆಳಕನ್ನು ಬದಲಾಯಿಸಿದಾಗ ಎದ್ದು ಬರುತ್ತವೆ. ಹೀಗೆ ದಾಖಲಾದ ಕಲ್ಲನ್ನು ಪರದೆಯ ಮೇಲೆ ಯಾವ ಕಡೆಗೆ ಬೇಕಾದರೂ ತಿರುಗಿಸಿ ಓದಬಹುದು.